ನಾಲ್ಕೂವರೆ ಗಂಟೆ, ಮೂರು ತಿಂಗಳು

ಪಾರ್ಶ್ವವಾಯು ಬಡಿದವರನ್ನು ಕಾರಿಗೆ ಹತ್ತಿಸುವ ಮೊದಲು ನಮ್ಮ ಕಡೆಯ ಮನೆಗಳಲ್ಲಿ ಒಂದು ಸಣ್ಣ ಸಭೆ ಸೇರುತ್ತದೆ. ಅಪ್ಪಯ್ಯನ ಬಾಯಿ ಒಂದು ಬದಿಗೆ ವಾಲಿದೆ. ‘ಕೈ ಎತ್ತುಕ್ ಆತಿಲ್ಲೆ’ ಎನ್ನಹೋದರೆ ಮಾತು ತೊದಲುತ್ತದೆ. ‘ಬಿ.ಪಿ. ಏರಿರ್ಕ್, ಒಂದ್ ಮಾತ್ರೆ ಕೊಡಿ’ ಎನ್ನುತ್ತಾರೆ ಪಕ್ಕದ ಮನೆಯವರು. ‘ಗ್ಯಾಸ್ ಆಯಿರ್ಕ್, ಬಿಸಿನೀರ್ ಕುಡ್ಸಿ’ ಎನ್ನುತ್ತಾರೆ ಚಿಕ್ಕಮ್ಮ. ಒಬ್ಬರು ಎಣ್ಣೆ ತಿಕ್ಕಲು ಕೂರುತ್ತಾರೆ, ಇನ್ನೊಬ್ಬರು ಬೆಂಗಳೂರಿನ ಹೋಟೆಲಿನಲ್ಲಿರುವ ಮಗನಿಗೆ ಫೋನು ಹಚ್ಚುತ್ತಾರೆ. ಮಗ ಫೋನೆತ್ತಿ, ಗಾಬರಿಯಾಗಿ, ಪರಿಚಯದ ಡಾಕ್ಟರರನ್ನು ಕೇಳಿ ತಿರುಗಿ ಹೇಳುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿರುತ್ತದೆ.

ಎಲ್ಲರದೂ ಕಾಳಜಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಳೆದ ಮೂವತ್ತು ವರ್ಷಗಳ ಸಂಶೋಧನೆ ಇಂಥ ಸಲಹೆಗಳನ್ನೂ ಪರೀಕ್ಷೆಗೆ ಒಡ್ಡಿದೆ, ಅದಕ್ಕಿಂತ ದೊಡ್ಡ ದೊಡ್ಡ ಮದ್ದು-ಯಂತ್ರಗಳನ್ನೂ ಒಡ್ಡಿದೆ. ಕೆಲವು ಗೆದ್ದವು, ಬಹಳಷ್ಟು ಸೋತವು. ಗೆದ್ದವನ್ನೂ ಸೋತವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದವರು ನೆನಪಿಡಬೇಕಾದ ಲೆಕ್ಕ ಎರಡೇ. ಆಸ್ಪತ್ರೆ ಮುಟ್ಟಿ ಮದ್ದು ಪಡೆಯಲು ನಾಲ್ಕೂವರೆ ಗಂಟೆ, ಮನೆಗೆ ಬಂದ ಮೇಲೆ ಮೂರು ತಿಂಗಳು.

ಸ್ಕ್ಯಾನಿಗೆ ಮೊದಲು ಮದ್ದಿಲ್ಲ

ಪಾರ್ಶ್ವವಾಯುವಿನಲ್ಲಿ ಮುಖ್ಯವಾಗಿ ಎರಡು ಬಗೆ. ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ರಕ್ತ ನಿಲ್ಲುವುದು ಒಂದು. ನಾಳವೇ ಒಡೆದು ಮಿದುಳಿನೊಳಗೆ ರಕ್ತ ಸೋರುವುದು ಇನ್ನೊಂದು. ಮೊದಲನೆಯದೇ ಹೆಚ್ಚು. ಆದರೆ ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ: ವಾಲಿದ ಬಾಯಿ, ಬಿದ್ದ ಕೈ, ತೊದಲುವ ಮಾತು. ಎಷ್ಟೇ ಅನುಭವಿ ಡಾಕ್ಟರಾದರೂ ಸಿ.ಟಿ. ಸ್ಕ್ಯಾನ್ ನೋಡದೆ ಖಚಿತವಾಗಿ ಹೇಳಲಾರರು. ಒಂದಕ್ಕೆ ಹೆಪ್ಪು ಕರಗಿಸುವ ಮದ್ದು ಬೇಕು, ಇನ್ನೊಂದರಲ್ಲಿ ಅದೇ ಮದ್ದು ಪ್ರಾಣಕ್ಕೆ ಎರವಾಗುತ್ತದೆ.

ಪಕ್ಕದ ಮನೆಯವರ ಬಿ.ಪಿ. ಮಾತ್ರೆಯ ಕತೆಯೂ ಇದೇ. ಆಂಬುಲೆನ್ಸಿನಲ್ಲಿಯೇ ಬಿ.ಪಿ. ಇಳಿಸಿದರೆ ಒಳ್ಳೆಯದಾದೀತೇ ಎಂದು ಚೀನಾದಲ್ಲಿ 2404 ರೋಗಿಗಳ ಮೇಲೆ ನಡೆದ ‘ಇಂಟರಾಕ್ಟ್-4’ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಒಟ್ಟಾರೆ ನೋಡಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಬಿಡಿಸಿ ನೋಡಿದಾಗ ವಿಷಯ ತಿಳಿಯಿತು: ರಕ್ತ ಸೋರಿದವರಿಗೆ ಅದರಿಂದ ಉಪಕಾರವಾಗಿತ್ತು, ಹೆಪ್ಪು ಕಟ್ಟಿದವರಿಗೆ ಅಪಕಾರವಾಗಿತ್ತು. ಹೆಪ್ಪು ಕಟ್ಟಿದಾಗ ಏರಿದ ಬಿ.ಪಿ.ಯೇ ಅಕ್ಕಪಕ್ಕದ ಸಣ್ಣ ನಾಳಗಳ ಮೂಲಕ ಅಷ್ಟಿಷ್ಟು ರಕ್ತ ದೂಡುತ್ತಿರುತ್ತದೆ, ಅದನ್ನು ಏಕಾಏಕಿ ಇಳಿಸಿದರೆ ಆ ದಾರಿಯೂ ಬತ್ತುತ್ತದೆ. ಸ್ಕ್ಯಾನ್ ಆಗುವವರೆಗೆ ಮನೆಯ ಡಬ್ಬಿಯ ಬಿ.ಪಿ. ಮಾತ್ರೆಯೂ ಬೇಡ, ಆಸ್ಪಿರಿನ್ನೂ ಬೇಡ ಎನ್ನುವುದು ಇದಕ್ಕೇ.

ಚಿಕ್ಕಮ್ಮನ ಬಿಸಿನೀರೂ ಬೇಡ. ಪಾರ್ಶ್ವವಾಯು ಆದವರಲ್ಲಿ ಬಹಳ ಮಂದಿಗೆ ನುಂಗುವ ಹಿಡಿತವೂ ತಪ್ಪಿರುತ್ತದೆ. ಕುಡಿಸಿದ ನೀರು, ಕಾಫಿ, ಗಂಜಿತಿಳಿ ಅನ್ನನಾಳ ಬಿಟ್ಟು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಆಸ್ಟ್ರೇಲಿಯಾದ 19 ಪಾರ್ಶ್ವವಾಯು ಘಟಕಗಳ ಅಧ್ಯಯನದಲ್ಲಿ ಕೆಲವು ಘಟಕಗಳ ದಾದಿಯರಿಗೆ ಮೂರೇ ಕೆಲಸ ಕಲಿಸಿದರು: ಜ್ವರ ಬಂದರೆ ಇಳಿಸುವುದು, ಸಕ್ಕರೆ ಪ್ರಮಾಣ ಹತೋಟಿಯಲ್ಲಿಡುವುದು, ನುಂಗುವ ಪರೀಕ್ಷೆ ಮಾಡದೆ ಬಾಯಿಗೆ ಏನನ್ನೂ ಕೊಡದಿರುವುದು. 2011ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹಳೆಯ ಕ್ರಮದಲ್ಲಿ ಮೂರು ತಿಂಗಳಿಗೆ ಸತ್ತವರು ಅಥವಾ ಪರಾವಲಂಬಿಗಳಾದವರು ನೂರಕ್ಕೆ 58, ಹೊಸ ಕ್ರಮದಲ್ಲಿ 42. ದುಬಾರಿ ಮದ್ದಿಲ್ಲ, ಹೊಸ ಯಂತ್ರವಿಲ್ಲ.

ಮನೆಯವರು ಮಾಡಬೇಕಾದದ್ದು ಒಂದಿದೆ, ಗಡಿಯಾರ ನೋಡುವುದು. ‘ಎಷ್ಟು ಹೊತ್ತಿಗೆ ಶುರುವಾಯಿತು?’ ಎಂಬುದೇ ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆ. ಬೆಳಿಗ್ಗೆ ಏಳುವಾಗಲೇ ಕೈ ಬಿದ್ದಿದ್ದರೆ, ರಾತ್ರಿ ಕಡೆಯದಾಗಿ ಸರಿ ಇದ್ದದ್ದನ್ನು ಯಾರು ಕಂಡರು, ಎಷ್ಟು ಗಂಟೆಗೆ ಎಂದು ಹೇಳಬೇಕು. ಚಿಕಿತ್ಸೆ ಯಾವುದು ಎಂಬುದು ಆ ಒಂದು ಉತ್ತರದ ಮೇಲೆ ನಿಂತಿರುತ್ತದೆ.

ಇಂಜೆಕ್ಷನ್ ಬಂದ ದಾರಿ

ದೊಡ್ಡ ನಾಳವೊಂದು ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಅಮೆರಿಕದ ನರತಜ್ಞ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು. ಅವನ್ನು ಉಳಿಸಬಹುದು ಎಂದು ಮೊದಲು ತೋರಿಸಿಕೊಟ್ಟದ್ದು 1995ರ ಅಮೆರಿಕದ ಅಧ್ಯಯನ. ಮೂರು ಗಂಟೆಯೊಳಗೆ ಆಲ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ಮದ್ದು ಪಡೆದವರು, ಮೂರು ತಿಂಗಳ ಮೇಲೆ ಹೆಚ್ಚುಕಡಿಮೆ ಮೊದಲಿನಂತಾಗುವ ಸಾಧ್ಯತೆ ಉಳಿದವರಿಗಿಂತ ಕನಿಷ್ಠ ಶೇ. 30ರಷ್ಟು ಹೆಚ್ಚಿತ್ತು. ಅಪಾಯವನ್ನೂ ಅದೇ ಅಧ್ಯಯನ ಮುಚ್ಚಿಡದೆ ಹೇಳಿತು: ಮದ್ದು ಪಡೆದವರಲ್ಲಿ ನೂರಕ್ಕೆ ಆರು ಮಂದಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಸ್ಥಿತಿ ಬಿಗಡಾಯಿಸಿತ್ತು. 2008ರಲ್ಲಿ ಯುರೋಪಿನ ಅಧ್ಯಯನವೊಂದು ಮೂರು ಗಂಟೆಯನ್ನು ನಾಲ್ಕೂವರೆಗೆ ವಿಸ್ತರಿಸಿತು.

ಆಲ್ಟೆಪ್ಲೇಸಿನಲ್ಲಿ ಒಂದು ತೊಡಕಿದೆ. ಸ್ವಲ್ಪ ಭಾಗ ಒಮ್ಮೆಗೇ ಚುಚ್ಚಿ, ಉಳಿದದ್ದನ್ನು ಒಂದು ಗಂಟೆ ಕಾಲ ಡ್ರಿಪ್ಪಿನಲ್ಲಿ ಕೊಡಬೇಕು. ಅದರದೇ ಬಂಧು ಟೆನೆಕ್ಟೆಪ್ಲೇಸನ್ನು ಒಂದೇ ಸಲಕ್ಕೆ ಚುಚ್ಚಿದರೆ ಮುಗಿಯಿತು. ಇದು ಹಳೆಯದಕ್ಕಿಂತ ಕಡಿಮೆಯೇನಲ್ಲ ಎಂದು 2022ರಲ್ಲಿ ಕೆನಡಾದ ‘ಆ್ಯಕ್ಟ್’ ಅಧ್ಯಯನ ತೋರಿಸಿತು. 2025ರ ಮಾರ್ಚಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪಾರ್ಶ್ವವಾಯುವಿಗೆ ಇದನ್ನು ಒಪ್ಪಿತು. ಭಾರತದಲ್ಲಿ ಅದಕ್ಕೂ ಮೊದಲೇ ಒಪ್ಪಿಗೆ ಸಿಕ್ಕಿ, ದೇಶದಲ್ಲೇ ತಯಾರಾಗಿ ಬಳಕೆಗೆ ಬಂದಿದೆ. ದೊಡ್ಡ ನಗರದವರಿಗೆ ಇದು ಸಣ್ಣ ಅನುಕೂಲವಾಗಿ ಕಾಣಬಹುದು. ಕುಂದಾಪುರದಲ್ಲಿ ಸ್ಕ್ಯಾನ್ ಮಾಡಿಸಿ, ಅಲ್ಲೇ ಚುಚ್ಚಿಸಿಕೊಂಡು, ಆಂಬುಲೆನ್ಸಿನಲ್ಲಿ ಮಣಿಪಾಲದ ದಾರಿ ಹಿಡಿಯಬೇಕಾದವರಿಗೆ ಮಾತ್ರ ದೊಡ್ಡದೇ, ಡ್ರಿಪ್ ಮುಗಿಯುವುದನ್ನು ಕಾಯಬೇಕಾಗಿಲ್ಲ.

ಹೆಪ್ಪು ದೊಡ್ಡದಿದ್ದರೆ ಮದ್ದೊಂದರಿಂದಲೇ ಕರಗುವುದು ಕಷ್ಟ. ಆಗ ತೊಡೆಸಂದಿನ ರಕ್ತನಾಳದಿಂದ ತೆಳು ಕೊಳವೆ ತೂರಿಸಿ, ಮಿದುಳಿನವರೆಗೆ ಒಯ್ದು, ಹೆಪ್ಪನ್ನೇ ಹಿಡಿದು ಹೊರಗೆ ಎಳೆಯುತ್ತಾರೆ. ಥ್ರಾಂಬೆಕ್ಟಮಿ ಎನ್ನುವುದು ಇದನ್ನೇ. ಹಾಲೆಂಡಿನ ‘ಮಿಸ್ಟರ್ ಕ್ಲೀನ್’ ಸೇರಿ ಐದು ಅಧ್ಯಯನಗಳು 2015ರಲ್ಲಿ ಸಾಲಾಗಿ ಹೊರಬಂದವು, ಐದೂ ಒಂದೇ ಮಾತು ಹೇಳಿದವು. ಐದನ್ನೂ ಕೂಡಿಸಿ ಲೆಕ್ಕ ಹಾಕಿದಾಗ ಕಂಡದ್ದು, ಮೂವರಿಗೆ ಮಾಡಿದರೆ ಕನಿಷ್ಠ ಒಬ್ಬರ ಅಂಗವೈಕಲ್ಯ ಒಂದು ಮೆಟ್ಟಿಲಾದರೂ ಇಳಿಯುತ್ತದೆ. ಮದ್ದಿನ ಲೋಕದಲ್ಲಿ ಇಷ್ಟು ದೊಡ್ಡ ಫಲ ಅಪರೂಪ. ಆಯ್ದ ಕೆಲವರಿಗೆ 24 ಗಂಟೆಯವರೆಗೂ ಇದನ್ನು ಮಾಡಬಹುದು ಎಂದು 2018ರ ‘ಡಾನ್’ ಅಧ್ಯಯನ ಹೇಳಿತು. ‘ಹಾಗಾದರೆ ನಾಳೆ ಹೋದರೂ ಆಯಿತಲ್ಲ’ ಎಂದುಕೊಳ್ಳುವವರಿದ್ದಾರೆ. ತಡವಾಗಿಯೂ ಉಳಿಸಬಲ್ಲ ಮಿದುಳಿನ ಭಾಗ ಇನ್ನೂ ಇದೆ ಎಂದು ಸ್ಕ್ಯಾನಿನಲ್ಲಿ ಕಂಡವರಿಗಷ್ಟೇ ಆ ಅವಕಾಶ. ಅಂಥವರು ಯಾರೆಂಬುದು ಮನೆಯಲ್ಲಿ ಕೂತು ಗೊತ್ತಾಗುವುದಿಲ್ಲ.

ಮೂರು ತಾಲ್ಲೂಕು, ಮೂರು ದೂರ

ಈಗ ನಮ್ಮ ನಕ್ಷೆ ನೋಡೋಣ. ಬೈಂದೂರು, ಬ್ರಹ್ಮಾವರ ಪ್ರತ್ಯೇಕ ತಾಲ್ಲೂಕುಗಳಾದದ್ದು 2018ರಲ್ಲಿ. ತಾಲ್ಲೂಕು ಕಚೇರಿ ಹತ್ತಿರ ಬಂತು, ಮಿದುಳಿನ ಚಿಕಿತ್ಸೆ ಇದ್ದಲ್ಲೇ ಉಳಿಯಿತು. ಹೆಪ್ಪು ಎಳೆಯುವಂಥ ದೊಡ್ಡ ಚಿಕಿತ್ಸೆಗೆ ನಮ್ಮವರು ನೋಡುವುದು ಮಣಿಪಾಲದ ಕಡೆಗೆ, ಅದು ಬಿಟ್ಟರೆ ಮಂಗಳೂರಿನ ಕಡೆಗೆ. ಬ್ರಹ್ಮಾವರ ಪೇಟೆಯವರಿಗೆ ಮಣಿಪಾಲ ಅರ್ಧ ಗಂಟೆಯ ದಾರಿ. ಕುಂದಾಪುರದಿಂದ ನಲವತ್ತು ಕಿಲೋಮೀಟರಿಗೆ ತುಸು ಕಡಿಮೆ. ಬೈಂದೂರು, ಶಿರೂರಿನಿಂದ ಎಪ್ಪತ್ತರ ಆಸುಪಾಸು. ಹೆದ್ದಾರಿ 66ರ ಬದಿಯ ಊರುಗಳ ಲೆಕ್ಕ ಇದು. ಕೊಲ್ಲೂರು, ಜಡ್ಕಲ್, ಅಮಾಸೆಬೈಲು, ಹೊಸಂಗಡಿ ಕಡೆಯ ಒಳಮನೆಗಳಿಂದ ಹೆದ್ದಾರಿ ಮುಟ್ಟುವುದೇ ಒಂದು ಪ್ರಯಾಣ, ಮಳೆಗಾಲದ ರಾತ್ರಿಯಾದರೆ ಕೇಳುವುದೇ ಬೇಡ. ಗಂಗೊಳ್ಳಿಯಿಂದ ಆಳಸಮುದ್ರಕ್ಕೆ ಹೋದ ಬೋಟಿನಲ್ಲಿ ಯಾರಿಗಾದರೂ ಹೀಗಾದರೆ ದಡ ಸೇರುವಷ್ಟರಲ್ಲಿಯೇ ಹೊತ್ತು ಮೀರಿರುತ್ತದೆ.

ಆದರೂ ನಾಲ್ಕೂವರೆ ಗಂಟೆ ದೂರದಿಂದಲೇ ಕಳೆದುಹೋಗುತ್ತದೆ ಎಂದರೆ ತಪ್ಪಾದೀತು. ಶಿರೂರಿನಿಂದಲೂ ಮಣಿಪಾಲಕ್ಕೆ ಎರಡು ಗಂಟೆ ಬೇಡ. ಹೊತ್ತು ಹೋಗುವುದು ಮನೆಯ ಸಭೆಯಲ್ಲಿ, ಸ್ಕ್ಯಾನ್ ಇಲ್ಲದ ಮೊದಲ ಕ್ಲಿನಿಕ್ಕಿನಲ್ಲಿ, ಅಲ್ಲಿಂದ ಕಳಿಸಿದ ಎರಡನೆಯ ಆಸ್ಪತ್ರೆಯಲ್ಲಿ, ನಡುವೆ ನಾಟಿ ಮದ್ದಿನ ಮನೆಗೊಂದು ಸುತ್ತಿನಲ್ಲಿ. ನಾಟಿ ಮದ್ದಿನವರ ಮೇಲಿನ ನಂಬಿಕೆ ಅವರವರಿಗೆ ಬಿಟ್ಟದ್ದು, ಆ ಮೊದಲ ಗಂಟೆಗಳು ಮಾತ್ರ ಅದಕ್ಕಲ್ಲ.

ಹೀಗೆ ಕಳೆಯುವ ಹೊತ್ತನ್ನು ಉಳಿಸುವ ದಾರಿಯನ್ನು ಹೃದಯಕ್ಕೆ ಸರ್ಕಾರ ಈಗಾಗಲೇ ಹಾಕಿಕೊಟ್ಟಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ದೂರದ ತಜ್ಞರಿಗೆ ಕಳಿಸಿ, ಅವರು ಹೌದೆಂದರೆ ಟೆನೆಕ್ಟೆಪ್ಲೇಸ್ ಇಂಜೆಕ್ಷನನ್ನು ಉಚಿತವಾಗಿ ಕೊಡುತ್ತಾರೆ. ಮದ್ದು ಅದೇ, ಮಿದುಳಿಗೆ ಬೇಕಾದದ್ದೂ ಅದೇ. ಹೃದಯಾಘಾತಕ್ಕೆ ಇ.ಸಿ.ಜಿ. ಪಟ್ಟಿ ಸಾಕು, ಮಿದುಳಿಗೆ ಸಿ.ಟಿ. ಬೇಕು, ಅದನ್ನು ರಾತ್ರಿಯೂ ತೆಗೆಯುವವರು ಬೇಕು. ವ್ಯತ್ಯಾಸ ಇಷ್ಟೇ.

ಇದು ಆಗದ ಕೆಲಸವಲ್ಲ ಎನ್ನಲು ಹಿಮಾಚಲ ಪ್ರದೇಶವೇ ಸಾಕ್ಷಿ. ಆ ಗುಡ್ಡಗಾಡು ರಾಜ್ಯದಲ್ಲಿ ಹತ್ತು ವರ್ಷಗಳ ಹಿಂದೆಯೇ, ಸಿ.ಟಿ. ಇರುವ ಜಿಲ್ಲಾ ಆಸ್ಪತ್ರೆಗಳ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು, ಸ್ಕ್ಯಾನಿನ ಚಿತ್ರವನ್ನು ವಾಟ್ಸ್ಆ್ಯಪಿನಲ್ಲಿ ನರತಜ್ಞರಿಗೆ ಕಳಿಸಿ, ಅವರ ಸಲಹೆಯ ಮೇಲೆ ಹೆಪ್ಪು ಕರಗಿಸುವ ಮದ್ದು ಕೊಡುವ ವ್ಯವಸ್ಥೆ ಬಂತು. ಅಸ್ಸಾಮಿನ ದಿಬ್ರುಗಢದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇನ್ನೂ ಮುಂದೆ ಹೋಗಿ, ಸಿ.ಟಿ. ಯಂತ್ರವನ್ನೇ ವಾಹನದಲ್ಲಿಟ್ಟು ರೋಗಿಯ ಊರಿಗೆ ಕಳಿಸಿತು. ಕರ್ನಾಟಕದಲ್ಲಿ 2022ರಲ್ಲಿ ನಿಮ್ಹಾನ್ಸ್ ಜತೆ ಸೇರಿ ಶುರುಮಾಡಿದ ಮಿದುಳು ಆರೋಗ್ಯ ಕಾರ್ಯಕ್ರಮವಿದೆ. ಮೂರು ಜಿಲ್ಲೆಗಳಲ್ಲಿ ಪ್ರಯೋಗವಾಗಿ ಬೇರೆ ಜಿಲ್ಲೆಗಳಿಗೂ ಹರಡಿದ ಈ ಕಾರ್ಯಕ್ರಮದಲ್ಲಿ ಪಾರ್ಶ್ವವಾಯುವೂ ಸೇರಿದೆ. ಬುಡ ಇದೆ, ರಾತ್ರಿ ಹೊತ್ತಿನ ತುರ್ತು ದಾರಿಯನ್ನು ಅದರ ಮೇಲೆ ಕಟ್ಟಬೇಕು.

ಮನೆಗೆ ಬಂದ ಮೇಲೆ

ಎರಡನೆಯ ಲೆಕ್ಕ ಶುರುವಾಗುವುದು ಆಸ್ಪತ್ರೆಯಿಂದ ಬಿಡುಗಡೆಯಾದ ದಿನ. ನಮ್ಮಲ್ಲಿ ಬಹಳ ಮನೆಗಳಲ್ಲಿ ಚಿಕಿತ್ಸೆ ಮುಗಿಯುವುದೂ ಅಂದೇ. ಚಾವಡಿಯಲ್ಲಿ ಒಂದು ಮಂಚ, ತಲೆದಿಂಬು, ಊಟ ತಿನ್ನಿಸಲು ಸೊಸೆ, ಬಟ್ಟೆ ಬದಲಿಸಲು ಮಗ. ಕಾಣಲು ಬಂದವರು ‘ಪಾಪ, ಏಳುವುದು ಬೇಡ, ಮಲಗಿಕೊಳ್ಳಿ’ ಎನ್ನುತ್ತಾರೆ. ಮಿದುಳು ಮಾತ್ರ ಈ ಪ್ರೀತಿಯನ್ನು ಬೇರೆ ರೀತಿ ಅರ್ಥ ಮಾಡಿಕೊಳ್ಳುತ್ತದೆ: ಈ ಕೈ ಇನ್ನು ಬೇಕಾಗಿಲ್ಲ.

ಮಿದುಳಿನ ಸತ್ತ ಭಾಗ ತಿರುಗಿ ಹುಟ್ಟುವುದಿಲ್ಲ, ಅಕ್ಕಪಕ್ಕದ ಭಾಗಗಳು ಆ ಕೆಲಸ ಕಲಿಯುತ್ತವೆ. ನೆರೆಯಲ್ಲಿ ಮುಳುಗಿದ ದಾರಿ ಬಿಟ್ಟು ಜನ ಗದ್ದೆಯಂಚಿನಲ್ಲಿ ನಡೆದು ನಡೆದು ಅದೇ ದಾರಿಯಾಗುವಂತೆ, ನಡೆದಷ್ಟೂ ದಾರಿ. ಎಷ್ಟು ನಡೆಯಬೇಕು? 2009ರಲ್ಲಿ ಅಮೆರಿಕದ ಸಂಶೋಧಕರು ಫಿಸಿಯೋಥೆರಪಿ ನಡೆಯುವಲ್ಲಿ ಕೂತು ಎಣಿಸಿದರು. ಒಂದು ಸರದಿಯಲ್ಲಿ ರೋಗಿ ಕೈಯಿಂದ ಉಪಯೋಗದ ಚಲನೆ ಮಾಡುತ್ತಿದ್ದದ್ದು ಸರಾಸರಿ 32 ಸಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಿದುಳು ಬದಲಾಗಲು ಒಂದು ಸರದಿಗೆ 400ರಿಂದ 600 ಸಲ ಮಾಡಿಸುತ್ತಿದ್ದರು. ಯಾವಾಗ ಮಾಡಬೇಕು ಎಂಬುದಕ್ಕೆ 2021ರ ಅಧ್ಯಯನವೊಂದು ಉತ್ತರಿಸಿತು. 72 ಮಂದಿಯಲ್ಲಿ ಕೆಲವರಿಗೆ ಮೊದಲ ತಿಂಗಳಲ್ಲಿ, ಕೆಲವರಿಗೆ ಎರಡು-ಮೂರನೆಯ ತಿಂಗಳಲ್ಲಿ, ಕೆಲವರಿಗೆ ಆರು ತಿಂಗಳ ಮೇಲೆ 20 ಗಂಟೆಗಳ ಹೆಚ್ಚುವರಿ ಕೈ ತರಬೇತಿ ಕೊಟ್ಟು ನೋಡಿದರು. ಎರಡು-ಮೂರನೆಯ ತಿಂಗಳಲ್ಲಿ ಪಡೆದವರಿಗೆ ಎಲ್ಲರಿಗಿಂತ ಹೆಚ್ಚು ಗುಣ ಕಂಡಿತು. ಆರು ತಿಂಗಳ ಮೇಲೆ ಪಡೆದವರಿಗೂ ಹೆಚ್ಚುವರಿ ತರಬೇತಿ ಇಲ್ಲದವರಿಗೂ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಆರು ತಿಂಗಳ ಮೇಲೆ ಏನೂ ಆಗದು ಎಂದಲ್ಲ, ಆದರೆ ಅದೇ ಬೆವರಿಗೆ ಹೆಚ್ಚು ಫಲ ಸಿಗುವುದು ಮೊದಲ ಮೂರು ತಿಂಗಳಲ್ಲಿ.

ಹಾಗೆಂದು ಮೊದಲ ದಿನವೇ ಎಬ್ಬಿಸಿ ನಡೆಸುವುದೂ ಸಲ್ಲ. 2104 ಮಂದಿಯ ‘ಅವರ್ಟ್’ ಅಧ್ಯಯನ 2015ರಲ್ಲಿ ಅನೇಕರ ನಿರೀಕ್ಷೆಯನ್ನು ತಲೆಕೆಳಗು ಮಾಡಿತು: ಮೊದಲ 24 ಗಂಟೆಯೊಳಗೆ ಹೆಚ್ಚು ಹೆಚ್ಚು ಎಬ್ಬಿಸಿದವರಿಗಿಂತ ಮಾಮೂಲು ಆರೈಕೆಯವರೇ ತುಸು ಚೆನ್ನಾಗಿದ್ದರು. ಬಹಳ ಹೆಸರು ಮಾಡಿದ ಬೇರೆ ಆಸೆಗಳೂ ಹೀಗೆಯೇ ಸೋತಿವೆ. ಬ್ರಿಟನ್ನಿನ 770 ಮಂದಿಯ ಅಧ್ಯಯನದಲ್ಲಿ ರೋಬಾಟ್ ತರಬೇತಿ ಮಾಮೂಲು ಆರೈಕೆಗಿಂತ ಕೈಯನ್ನು ಹೆಚ್ಚು ಉಪಯೋಗಕ್ಕೆ ತರಲಿಲ್ಲ. ಖಿನ್ನತೆಯ ಮಾತ್ರೆ ಫ್ಲುಆಕ್ಸೆಟಿನ್ ಕೈಕಾಲಿಗೆ ಬಲ ತರುತ್ತದೆ ಎಂಬುದೂ 3000ಕ್ಕೂ ಹೆಚ್ಚು ರೋಗಿಗಳ ‘ಫೋಕಸ್’ ಅಧ್ಯಯನದಲ್ಲಿ ಸುಳ್ಳಾಯಿತು, ಬದಲಿಗೆ ಮೂಳೆ ಮುರಿತ ಹೆಚ್ಚಿತು.

ಗೆದ್ದವುಗಳಲ್ಲಿ ಒಂದು ಬಹಳ ಸರಳವಾದದ್ದು. ಒಳ್ಳೆಯ ಕೈಗೆ ಚೀಲದಂಥ ಗವಸು ತೊಡಿಸಿ, ಎರಡು ವಾರ, ಎಚ್ಚರವಿರುವ ಹೆಚ್ಚಿನ ಹೊತ್ತು ಸೋತ ಕೈಯಿಂದಲೇ ಕೆಲಸ ಮಾಡಿಸುವುದು. 222 ಮಂದಿಯ ‘ಎಕ್ಸೈಟ್’ ಅಧ್ಯಯನದಲ್ಲಿ 2006ರಲ್ಲೇ ಇದು ಗೆದ್ದಿತು, ಗಳಿಸಿದ್ದು ಒಂದು ವರ್ಷದ ಮೇಲೂ ಉಳಿಯಿತು. ಬೆರಳು ಅಷ್ಟಿಷ್ಟಾದರೂ ಅಲ್ಲಾಡುವವರಿಗೆ ಮಾತ್ರ ಇದು ಹೊಂದುತ್ತದೆ.

ಇನ್ನೊಂದು ಮಾತನ್ನೂ ಅಧ್ಯಯನಗಳು ಒತ್ತಿ ಹೇಳುತ್ತವೆ: ವ್ಯಾಯಾಮವನ್ನು ವ್ಯಾಯಾಮವಾಗಿ ಮಾಡುವುದಕ್ಕಿಂತ ನಿತ್ಯದ ಕೆಲಸವಾಗಿ ಮಾಡಿದರೆ ಕೈ ಬೇಗ ಕಲಿಯುತ್ತದೆ. ಇಲ್ಲಿ ನಮ್ಮೂರಿಗೆ ಬಡತನವಿಲ್ಲ. ಗಂಗೊಳ್ಳಿಯವರಿಗೆ ಬಲೆಯ ಗಂಟು, ಹೆಮ್ಮಾಡಿಯವರಿಗೆ ಸೇವಂತಿಗೆ ಬಿಡಿಸಿ ಕಟ್ಟುವುದು, ಬೀಡಿ ಕಟ್ಟಿದವರಿಗೆ ಬೀಡಿಯ ಎಲೆ. ಅಟ್ಟದಲ್ಲಿ ಚೆನ್ನೆಮಣೆ ಇದ್ದರೆ ಕೆಳಗಿಳಿಸಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಳು. ಸೋತ ಕೈಯ ಬೆರಳಲ್ಲೇ ಕಾಳು ಬಾಚಬೇಕು, ಮುಷ್ಟಿಯಲ್ಲಿ ಉಳಿಸಿಕೊಳ್ಳಬೇಕು, ಮಣೆಯುದ್ದಕ್ಕೂ ಕೈ ಸರಿಸುತ್ತ ಒಂದೊಂದಾಗಿ ಬಿಡಬೇಕು. ಮೊದಲ ದಿನ ಅರ್ಧ ಕಾಳು ನೆಲಕ್ಕೆ ಬೀಳುತ್ತದೆ, ಬೀಳಲಿ. ಎದುರಿಗೆ ಮೊಮ್ಮಗಳು ಕೂತರೆ ನೂರು ಸಲ ಕೈ ಆಡಿದ್ದೇ ತಿಳಿಯುವುದಿಲ್ಲ.

ಮನೆಯವರು ಮಾಡಬಾರದ ಒಂದು ಕೆಲಸವೂ ಇದೆ. ಸೋತ ಕೈ ಹಿಡಿದೆಳೆದು ಮಂಚದಿಂದ ಎಬ್ಬಿಸುವುದು. ಸುತ್ತಲಿನ ಸ್ನಾಯು ಸಡಿಲವಾದ ಭುಜದ ಕೀಲು ಸುಲಭವಾಗಿ ಜಾರುತ್ತದೆ. ಆ ನೋವು ಹತ್ತಿಕೊಂಡರೆ ರೋಗಿ ಕೈ ಮುಟ್ಟಲೂ ಬಿಡುವುದಿಲ್ಲ, ಮೂರು ತಿಂಗಳ ಅವಕಾಶ ನೋವಿನಲ್ಲೇ ಮುಗಿಯುತ್ತದೆ. ಎಬ್ಬಿಸುವಾಗ ಸೊಂಟದಲ್ಲಿ ಹಿಡಿಯಬೇಕು, ಕೂತಾಗ ಕೈ ಜೋತುಬೀಳದಂತೆ ಕೆಳಗೆ ದಿಂಬು ಕೊಡಬೇಕು.

ಹಾಗಾದರೆ ಎಲ್ಲವನ್ನೂ ಮನೆಯವರಿಗೇ ಕಲಿಸಿಬಿಟ್ಟರೆ? ಈ ಪ್ರಶ್ನೆಯನ್ನು ಭಾರತದಲ್ಲಿಯೇ ಕೇಳಿ ನೋಡಿದ್ದಾರೆ. ದೇಶದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳೊಂದಿಗೆ ನಡೆದ ‘ಅಟೆಂಡ್’ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮನೆಯವರಿಗೆ ತರಬೇತಿ ಕೊಟ್ಟ ಗುಂಪಿನಲ್ಲೂ ಕೊಡದ ಗುಂಪಿನಲ್ಲೂ ಆರು ತಿಂಗಳಿಗೆ ಸತ್ತವರು ಅಥವಾ ಪರಾವಲಂಬಿಗಳಾಗಿ ಉಳಿದವರು ನೂರಕ್ಕೆ 47. ಮನೆಯವರ ಶ್ರಮ ವ್ಯರ್ಥ ಎಂದು ಇದನ್ನು ಓದಬಾರದು. ತಜ್ಞರ ಕಣ್ಣಿಲ್ಲದೆ ಮನೆಯವರ ಮೇಲೆ ಭಾರ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ ಎಂದೇ ನಾನು ಓದುತ್ತೇನೆ. 2019ರಲ್ಲಿ ಅಮೆರಿಕದಲ್ಲಿ 124 ಮಂದಿಯ ಅಧ್ಯಯನ ಮಾಡಿ, ಕಂಪ್ಯೂಟರಿನ ಮೂಲಕ ಥೆರಪಿಸ್ಟ್ ನೋಡುತ್ತ ಮನೆಯಲ್ಲೇ ಮಾಡಿಸಿದ ಕೈ ತರಬೇತಿ ಆಸ್ಪತ್ರೆಯದಕ್ಕಿಂತ ಕಡಿಮೆಯಲ್ಲ ಎಂದರು. ಕೊಲ್ಲೂರಿನ ಒಳಮನೆಯಿಂದ ವಾರಕ್ಕೆ ಮೂರು ಸಲ ಬಾಡಿಗೆ ಕಾರು ಮಾಡಿಕೊಂಡು ಫಿಸಿಯೋಥೆರಪಿಗೆ ಬರುವುದು ಎಷ್ಟು ಮಂದಿಯ ಕೈಯಲ್ಲಾದೀತು? ಮಣಿಪಾಲದಂಥ ಕಡೆ ಫಿಸಿಯೋಥೆರಪಿ, ಮಾತಿನ ಚಿಕಿತ್ಸೆ ಕಲಿಸುವ ಕಾಲೇಜುಗಳೇ ಇರುವ ಜಿಲ್ಲೆ ನಮ್ಮದು. ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವಾರಕ್ಕೊಂದು ದಿನ ಒಬ್ಬರು ಬಂದು, ಉಳಿದ ದಿನ ವಿಡಿಯೋ ಕರೆಯಲ್ಲಿ ನೋಡಿದರೆ ಆದೀತು.

ಎರಡನೆಯ ಸಲ ಬಾರದಂತೆ

ಹತ್ತು ನಿಮಿಷ ಕೈ ಸೋತು ತಿರುಗಿ ಸರಿಯಾದರೆ ‘ಸರಿಯಾಯ್ತಲ್ಲ’ ಎಂದು ಮಲಗುವವರೇ ಹೆಚ್ಚು. ಆಕ್ಸ್‌ಫರ್ಡಿನ 2007ರ ಅಧ್ಯಯನದಲ್ಲಿ, ಇಂಥವರಿಗೆ ಕೂಡಲೇ ಚಿಕಿತ್ಸೆ ಶುರುಮಾಡಿದಾಗ ಮೂರು ತಿಂಗಳೊಳಗೆ ಮತ್ತೆ ಪಾರ್ಶ್ವವಾಯು ಆಗುವವರ ಪ್ರಮಾಣ ನೂರಕ್ಕೆ 10ರಿಂದ 2ಕ್ಕೆ ಇಳಿಯಿತು. ತಾನಾಗಿ ಸರಿಹೋದದ್ದೂ ತುರ್ತೇ.

ಉಳಿದದ್ದು ಬಿ.ಪಿ., ಉಪ್ಪು, ಹೊಗೆಸೊಪ್ಪು. ಒಣಮೀನು, ಉಪ್ಪಿನಕಾಯಿ, ಹಪ್ಪಳ ಇಲ್ಲದ ಗಂಜಿಯೂಟ ನಮ್ಮಲ್ಲಿ ಊಟವೇ ಅಲ್ಲ. ಚೀನಾದ 600 ಹಳ್ಳಿಗಳ ಅಧ್ಯಯನದಲ್ಲಿ ಅಡುಗೆಯ ಉಪ್ಪಿನ ಕಾಲು ಭಾಗಕ್ಕೆ ಪೊಟ್ಯಾಸಿಯಂ ಲವಣ ಬೆರೆಸಿ ಕೊಟ್ಟಾಗ ಪಾರ್ಶ್ವವಾಯು ಶೇ. 14ರಷ್ಟು ಇಳಿಯಿತು ಎಂದು 2021ರಲ್ಲಿ ವರದಿಯಾಯಿತು. ಮೂತ್ರಪಿಂಡದ ತೊಂದರೆ ಇದ್ದವರು ಇಂಥ ಉಪ್ಪನ್ನು ಡಾಕ್ಟರರನ್ನು ಕೇಳದೆ ಬಳಸಬಾರದು. ಬಿ.ಪಿ. ಮಾತ್ರೆಯನ್ನು ‘ಈಗ ನಾರ್ಮಲ್ ಇದೆಯಲ್ಲ’ ಎಂದು ನಿಲ್ಲಿಸುವುದು ಇನ್ನೊಂದು ರೂಢಿ. ನಾರ್ಮಲ್ ಆದದ್ದು ಮಾತ್ರೆಯಿಂದ.

ಬರೀ ತಿಳಿಹೇಳಿದರೆ ಸಾಕೇ ಎಂದರೆ, ಸಾಲದು. ಭಾರತದ 31 ಕೇಂದ್ರಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಒಂದು ಗುಂಪಿಗೆ ಮೊಬೈಲ್ ಸಂದೇಶ, ವಿಡಿಯೋ, ಪುಸ್ತಕ ಕೊಟ್ಟು ನೋಡಿದ ‘ಸ್ಪ್ರಿಂಟ್ ಇಂಡಿಯಾ’ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಮಾತ್ರೆ ತಪ್ಪದೆ ತೆಗೆದುಕೊಳ್ಳುವುದು ಹೆಚ್ಚಿತು, ಸಿಗರೇಟು-ಮದ್ಯ ತಗ್ಗಿತು, ಆದರೆ ಒಂದು ವರ್ಷದಲ್ಲಿ ಮತ್ತೆ ಆಗುವ ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಜಾಗೃತಿ ಭಾಷಣವೊಂದರಿಂದಲೇ ಎಲ್ಲ ಆದೀತೆಂದು ನಂಬುವವರು ಇದನ್ನು ಗಮನಿಸಬೇಕು. ಈ ಅಂಕಣಕ್ಕೂ ಅದೇ ಮಾತು ಅನ್ವಯ.

ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ದಾರಿದೀಪದ ಜತೆ ನಾಲ್ಕು ಪ್ರಶ್ನೆ ಕೇಳೋಣ. ನಮ್ಮ ತಾಲ್ಲೂಕಿನಲ್ಲಿ ರಾತ್ರಿ ಎರಡು ಗಂಟೆಗೆ ಸಿ.ಟಿ. ತೆಗೆಯುವ ಆಸ್ಪತ್ರೆ ಯಾವುದು? ಅಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆಯೇ? 108ರವರು ರೋಗಿಯನ್ನು ನೇರ ಅಲ್ಲಿಗೇ ಒಯ್ಯುತ್ತಾರೆಯೇ? ಮನೆಗೆ ಮರಳಿದವರನ್ನು ಮೊದಲ ಮೂರು ತಿಂಗಳು ನೋಡುವ ಫಿಸಿಯೋಥೆರಪಿಸ್ಟ್ ಯಾರು? ಉತ್ತರ ಸಿಕ್ಕಿದರೆ ಅದನ್ನು ಪಂಚಾಯತಿಯ ಗೋಡೆಯ ಮೇಲೆ, ಹಾಲಿನ ಡಿಪೋದಲ್ಲಿ, ಪಡಿತರದ ಅಂಗಡಿಯಲ್ಲಿ ಬರೆಸಿ ಹಾಕಲಿ. ಸಿಗದಿದ್ದರೆ ಆ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ, ಅದರ ಮುಂದಿನ ಸಭೆಯಲ್ಲಿ ಮತ್ತೆ ಕೇಳೋಣ.